ಅಮ್ಮನ ಹೊಟ್ಟೆಗೆ ಬಿದ್ದ ಹದಿನಾಲ್ಕು ಚುಚ್ಚುಮದ್ದು

ಪ್ರಶ್ನೆ: 1986ರಲ್ಲಿ ನಾಯಿ ಕಚ್ಚಿದಾಗ ನಮ್ಮ ಅಮ್ಮನಿಗೆ ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಹಾಕಿದ್ದರು. ಅದು ಮುಗಿಯುವಷ್ಟರಲ್ಲಿ ಎರಡೂ ಕಾಲು ಸೋತು, ಮೂರು ತಿಂಗಳು ಹಾಸಿಗೆ ಹಿಡಿದರು. ಈಗ ನನ್ನ ಮಗನಿಗೆ ಬೀದಿನಾಯಿ ಕಚ್ಚಿದೆ. ‘ಆ ಮದ್ದು ಬೇಡವೇ ಬೇಡ’ ಎಂದು ಅಮ್ಮ ಅಡ್ಡ ನಿಂತಿದ್ದಾರೆ. ಏನು ಮಾಡಲಿ?
– ಓದುಗರು, ಹಾಸನ ಜಿಲ್ಲೆ

ಉತ್ತರ: ಪತ್ರ ಕೈಸೇರಿದ ದಿನವೇ ನಿಮಗೆ ಫೋನ್ ಮಾಡಿದ್ದೆ. ಮೊದಲ ಚುಚ್ಚುಮದ್ದು ಆಗಿದೆ ಎಂದಿರಿ. ಇನ್ನು ಅಮ್ಮನಿಗಾಗಿ ಬರೆಯುತ್ತೇನೆ.

ಅವರ ಭಯ ಮೂಢನಂಬಿಕೆಯಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿದ್ದಾಗ ಆ ಮದ್ದನ್ನು ನಾನೇ ಹಾಕಿದ್ದೇನೆ: ಕದಡಿದ ದ್ರವ, ಕುದಿಸಿದ ಗಾಜಿನ ಸಿರಿಂಜು, ದಪ್ಪ ಸೂಜಿ. 1911ರಲ್ಲಿ ಈಗಿನ ಹಿಮಾಚಲ ಪ್ರದೇಶದ ಕಸೌಲಿಯಲ್ಲಿ ಬ್ರಿಟಿಷ್ ಸೇನಾ ವೈದ್ಯ ಡೇವಿಡ್ ಸೆಂಪಲ್ ರೂಪಿಸಿದ ಲಸಿಕೆ ಅದು. ರೇಬೀಸ್ ವೈರಾಣುವನ್ನು ಕುರಿಯ ಮಿದುಳಿನಲ್ಲಿ ಬೆಳೆಸಿ, ಆ ಮಿದುಳನ್ನೇ ಅರೆದು, ಫೀನಾಲ್ ಹಾಕಿ ವೈರಾಣುವನ್ನು ಕೊಲ್ಲುತ್ತಿದ್ದರು. ವೈರಾಣುವಿನ ಜೊತೆ ಕುರಿಯ ನರಗಳ ಮೇಲಿನ ಮಯಲಿನ್ ಎಂಬ ಹೊದಿಕೆಯೂ ಮೈ ಸೇರುತ್ತಿತ್ತು. ನಮ್ಮ ಮಯಲಿನ್ ಅದನ್ನೇ ಹೋಲುತ್ತದೆ. ಕೆಲವರ ದೇಹ ಕುರಿಯ ಮಯಲಿನ್ ವಿರುದ್ಧ ಎದ್ದು ತನ್ನ ನರಗಳ ಹೊದಿಕೆಯನ್ನೇ ಕಿತ್ತುಹಾಕುತ್ತಿತ್ತು. ಕಾಲು ಸೋಲುವುದು, ಮೂತ್ರ ಕಟ್ಟುವುದು, ಮಿದುಳಿಗೂ ಏರಿದರೆ ಪ್ರಜ್ಞೆ ತಪ್ಪುವುದು. ಹಲವರು ಸ್ಟೀರಾಯ್ಡ್ ಕೊಟ್ಟ ಮೇಲೆ ಚೇತರಿಸಿಕೊಂಡರು, ಎಲ್ಲರೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರೂ ಇಂಥವರನ್ನು ನೋಡಿದ್ದಾರೆ. ಅಷ್ಟಾದರೂ ಹಾಕುತ್ತಿದ್ದೆವು; ರೇಬೀಸ್ ಬಂದವರು ಉಳಿಯುವುದಿಲ್ಲವೆಂಬುದು ನಮಗೆ ಗೊತ್ತಿತ್ತು. ಅಗ್ಗವೆಂಬ ಕಾರಣಕ್ಕೆ ಅಷ್ಟು ವರ್ಷ ಎಳೆದದ್ದು ಮಾತ್ರ ಇಂದಿಗೂ ನನಗೆ ಒಪ್ಪಿಗೆಯಾಗಿಲ್ಲ.

2004ರ ಕೊನೆಗೆ ಭಾರತದಲ್ಲಿ ಅದರ ತಯಾರಿಕೆ ನಿಂತಿತು. ಈಗಿನ ಲಸಿಕೆಯ ವೈರಾಣು ಬೆಳೆಯುವುದು ಪ್ರಯೋಗಾಲಯದ ಜೀವಕೋಶಗಳಲ್ಲಿ, ಮಿದುಳಿನಲ್ಲಲ್ಲ. ಸ್ನಾಯುವಿಗೆ ಹಾಕುವುದಾದರೆ ಐದೇ ಚುಚ್ಚುಮದ್ದು: ಮೊದಲನೆಯದರ ದಿನವನ್ನು 0 ಎಂದು ಎಣಿಸಿ 0, 3, 7, 14, 28ನೆಯ ದಿನ.

ಹಲ್ಲು ಚರ್ಮ ಸೀಳಿ ರಕ್ತ ಬಂದಿದ್ದರೆ ಗಾಯದೊಳಗೂ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್, ಅಂದರೆ ವೈರಾಣುವನ್ನು ತಡೆಯುವ ಸಿದ್ಧ ಪ್ರತಿಕಾಯ, ಹಾಕುತ್ತಾರೆ. ಅದು ಕುದುರೆಯ ರಕ್ತದಿಂದ ಬಂದದ್ದಾದರೆ, ವಾರ ಹತ್ತು ದಿನದ ಮೇಲೆ ಜ್ವರ, ಗಂಧೆ, ಕೀಲುನೋವು ಕಾಣಿಸಬಹುದು. ಇದು ಬೇರೆಯದೇ ತೊಂದರೆ, ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ. ಕಂಡರೆ ವೈದ್ಯರಿಗೆ ತೋರಿಸಿ. ಲಸಿಕೆಯನ್ನು ಮಾತ್ರ ಮಧ್ಯದಲ್ಲಿ ನಿಲ್ಲಿಸಬೇಡಿ.

ಮುಂದಿನ ಚುಚ್ಚುಮದ್ದಿಗೆ ಅಮ್ಮನನ್ನೂ ಕರೆದುಕೊಂಡು ಹೋಗಿ. ಹೆಬ್ಬೆರಳಿನಷ್ಟಿರುವ ಆ ಸೀಸೆಯನ್ನು ಒಮ್ಮೆ ಅವರ ಕೈಗೆ ಕೊಡುವಂತೆ ನರ್ಸಮ್ಮನನ್ನು ಕೇಳಿ.