ನಿಮ್ಮ ಅರೇ ಲೇಖನ ಓದಿದೆ, ಹೀಗೇ ಹಾಕಕ್ಕಾಗಲ್ಲ

ನಮಸ್ಕಾರ,

"ಯಾವ ಶೆಲ್‌ನಲ್ಲಾದ್ರೂ ಓಡೋ ಅರೇ" ಅಂತ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಬರವಣಿಗೆ ಸಲೀಸಾಗಿದೆ, ಆದ್ರೆ ಅರೇ, ಅಂದ್ರೆ ಒಂದೇ ಹೆಸರಲ್ಲಿ ಇಡೋ ಪಟ್ಟಿ, ಯಾವ ಶೆಲ್‌ನಲ್ಲಾದ್ರೂ (ನಾವು ಟೈಪ್ ಮಾಡಿದ ಕಮಾಂಡ್ ಓಡಿಸೋ ಪ್ರೋಗ್ರಾಂ) ಓಡುತ್ತೆ ಅಂತ ತಲೆಬರಹದಲ್ಲಿ ಕೊಟ್ಟ ಮಾತನ್ನ ಕೋಡ್ ಉಳಿಸಿಕೊಂಡಿಲ್ಲ. ನೀವು ಬ್ಯಾಶ್ ಅನ್ನೋ ಒಂದು ಶೆಲ್‌ನಲ್ಲಿ ಮಾತ್ರ ಓಡಿಸಿ ನೋಡಿದೀರ ಅಂತ ಕಾಣುತ್ತೆ.

ಸ್ಕ್ರಿಪ್ಟ್‌ನ ಮೊದಲ ಸಾಲಲ್ಲಿ ಓಡಿಸಬೇಕಾದ ಶೆಲ್ ಎಸ್‌ಎಚ್ (sh) ಅಂತ ಬರ್ದು ಮೂರನೇ ಸಾಲಲ್ಲೇ ಬ್ರಾಕೆಟ್ ಹಾಕಿ ಅರೇ ಮಾಡಿದೀರ. ಉಬುಂಟುನಲ್ಲಿ ಓಡಿಸಿದೆ, ಆ ಬ್ರಾಕೆಟ್ ಹತ್ರಾನೇ ಸಿಂಟ್ಯಾಕ್ಸ್ ಎರರ್ ಬಂದು ನಿಂತೋಯ್ತು. 2006ರ 6.10 ಆವೃತ್ತಿಯಿಂದ ಅಲ್ಲಿ ಎಸ್‌ಎಚ್ ಅಂದ್ರೆ ಡ್ಯಾಶ್ ಅನ್ನೋ ಇನ್ನೊಂದು ಶೆಲ್, ಅದರಲ್ಲಿ ಅರೇನೇ ಇಲ್ಲ, ಶೆಲ್‌ಗಳಿಗೆ ಅಂತ ಇರೋ ಪೋಸಿಕ್ಸ್ ಸ್ಟ್ಯಾಂಡರ್ಡ್‌ನಲ್ಲೂ ಇಲ್ಲ.

ಎರರ್ ಬಂದು ನಿಂತ್ರೆ ಪರವಾಗಿಲ್ಲ, ನಂಗೆ ಭಯ ಆಗೋದು ಬಾಯಿ ಬಿಡದೆ ತಪ್ಪು ಮಾಡೋ ಶೆಲ್ ಕಂಡ್ರೆ. ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾದಿಂದ ಟರ್ಮಿನಲ್ ತೆಗೆದ್ರೆ ಬರೋದು ಝಡ್‌ಶೆಲ್, ಅಲ್ಲಿ ಅರೇ ಎಣಿಕೆ 1ರಿಂದ ಶುರು, ಫೈಲ್ ಹೆಸರುಗಳನ್ನ ಒಂದೊಂದಾಗಿ ತೋರಿಸೋ ನಿಮ್ಮ ಲೂಪ್ 0ಯಿಂದ. ಓದುಗರು ನಿಮ್ಮ ಕೋಡ್ ಅಲ್ಲಿ ಪೇಸ್ಟ್ ಮಾಡಿದ್ರೆ ಮೊದಲು ಒಂದು ಖಾಲಿ ಸಾಲು ಬರುತ್ತೆ, ಕೊನೇ ಫೈಲ್ ಹೆಸರು ಮಾಯ, ಎರರ್ ಅಂತೂ ಇಲ್ಲವೇ ಇಲ್ಲ. ಇಂಡೆಕ್ಸ್, ಅಂದ್ರೆ ಎಷ್ಟನೇದು ಅನ್ನೋ ಸಂಖ್ಯೆ, ಹಾಕದೆ ಬರೀ ಅರೇ ಹೆಸರು ಕೊಟ್ರೆ ಬ್ಯಾಶ್ ಮೊದಲನೇದು ಮಾತ್ರ ಕೊಡುತ್ತೆ, ಝಡ್‌ಶೆಲ್ ಪೂರ್ತಿ ಪಟ್ಟಿ ಕೊಡುತ್ತೆ. ಲೇಖನದ ಜೀವಾಳ ಇದೇ, ನೀವು ಇದರ ಬಗ್ಗೆ ಒಂದಕ್ಷರ ಬರ್ದಿಲ್ಲ!

ಕೊನೇಲಿ ಹೇಳಿರೋ ಉಪಾಯ, ಅದೇ ಹೆಸರುಗಳನ್ನೆಲ್ಲ ಸ್ಪೇಸ್ ಬಿಟ್ಟು ಒಂದೇ ಸ್ಟ್ರಿಂಗ್‌ನಲ್ಲಿ ಇಡೋದು, ದಯವಿಟ್ಟು ತೆಗೀರಿ. "ಮದುವೆ ಫೋಟೋ" ಅನ್ನೋ ಫೋಲ್ಡರ್ ಕೊಟ್ಟು ನೋಡಿದೆ, "ಮದುವೆ" ಒಂದು, "ಫೋಟೋ" ಒಂದು ಅಂತ ಎರಡಾಯ್ತು. ಅದೇ ಲೂಪ್‌ನಲ್ಲಿ ಡಿಲೀಟ್ ಕಮಾಂಡ್ ಇದ್ದಿದ್ರೆ ಏನು ಗತಿ? ಬದಲಿಗೆ ಸೆಟ್ ಕಮಾಂಡ್ ಆದ್ಮೇಲೆ ಎರಡು ಅಡ್ಡಗೆರೆ ಹಾಕಿ (set --) ಪಟ್ಟಿ ಕೊಡಿ, ಆಮೇಲೆ ಕೋಟ್ ಸಮೇತ "$@", ಅಂದ್ರೆ ಆ ಪೂರ್ತಿ ಪಟ್ಟಿ, ಮೇಲೆ ಲೂಪ್ ಓಡಿಸಿ. ಡ್ಯಾಶ್, ಬ್ಯಾಶ್, ಕಾರ್ನ್ ಶೆಲ್, ಝಡ್‌ಶೆಲ್ ಎಲ್ಲದರಲ್ಲೂ ಸ್ಪೇಸ್ ಇರೋ ಹೆಸರು ಒಡೆಯಲ್ಲ. ಒಂದೇ ತೊಂದರೆ, ಒಂದು ಸಲಕ್ಕೆ ಒಂದೇ ಪಟ್ಟಿ, ಸ್ಕ್ರಿಪ್ಟ್ ಓಡಿಸುವಾಗ ಅದರ ಜೊತೆ ಕೊಟ್ಟ ಆರ್ಗ್ಯುಮೆಂಟ್‌ಗಳೂ ಅಳಿಸಿಹೋಗುತ್ವೆ; ಆದ್ರೆ ಫಂಕ್ಷನ್ ಒಳಗೆ ಮಾಡಿದ್ರೆ ಆ ಪಟ್ಟಿ ಅಲ್ಲಿಗೇ ಸೀಮಿತ, ಹೊರಗಿನದು ಹಾಗೇ ಇರುತ್ತೆ. ಇದನ್ನ ಒಂದು ಉದಾಹರಣೆ ಕೊಟ್ಟು ನಿಧಾನಕ್ಕೆ ಬಿಡಿಸಿ ಬರೀರಿ.

ಅಸೋಸಿಯೇಟಿವ್ ಅರೇ (ಸಂಖ್ಯೆ ಬದಲು ಹೆಸರು ಕೊಟ್ಟು ಹುಡುಕೋ ಅರೇ) ಭಾಗ ಪೂರ್ತಿ ಬಿಡಿ, ಬ್ಯಾಶ್‌ಗೆ ಅದು ಬಂದಿದ್ದೇ 4ನೇ ಆವೃತ್ತಿಯಲ್ಲಿ, ಮ್ಯಾಕ್‌ ಜೊತೆ ಬರೋ ಬ್ಯಾಶ್ ಇನ್ನೂ 3.2.

ತಿದ್ದಿದ ಮೇಲೆ ಡ್ಯಾಶ್, ಬ್ಯಾಶ್, ಝಡ್‌ಶೆಲ್ ಮೂರರಲ್ಲೂ ಓಡಿಸಿ, ಬಂದ ಔಟ್‌ಪುಟ್ ಹಾಗೇ ಲೇಖನದ ಜೊತೆ ಕಳಿಸಿ. ನಾನೇ ಕೂತು ಮತ್ತೆ ಓದ್ತೀನಿ.