ಓದುಗರ ಪ್ರಶ್ನೆ, ನಮ್ಮ ಉತ್ತರ: ಅಸ್ಸಾಂ ಚಹಾದ ಹುಟ್ಟು, ಹದ, ಹಿತ

ಅಸ್ಸಾಂ ಚಹಾವನ್ನು ಕುರಿತು ಬಂದ ಪತ್ರಗಳಲ್ಲಿ ಹೆಚ್ಚಿನವು ಆರೋಗ್ಯಕ್ಕೆ ಸಂಬಂಧಿಸಿದವು. ಆ ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಗಬೇಕಾದರೆ ಎಲೆ ಎಲ್ಲಿಯದು, ಅದು ಕಪ್ಪಾಗುವುದು ಹೇಗೆ ಎಂಬುದು ಮೊದಲು ತಿಳಿದಿರಬೇಕಾದುದರಿಂದ ಪತ್ರಗಳನ್ನು ಆ ಕ್ರಮದಲ್ಲಿಯೇ ಜೋಡಿಸಿಕೊಂಡಿದ್ದೇವೆ.

ಪ್ರಶ್ನೆ: ಬ್ರಿಟಿಷರು ಚೀನಾದಿಂದ ಚಹಾ ಗಿಡ ತಂದು ಅಸ್ಸಾಮಿನಲ್ಲಿ ನೆಟ್ಟರು ಎಂದು ಓದಿದ್ದೆ. ಅದು ಅಲ್ಲಿಯದೇ ಗಿಡ ಎಂದು ಈಚೆಗೆ ಒಬ್ಬರು ವಾದಿಸಿದರು. ಯಾವುದು ನಿಜ?

ಉತ್ತರ: ವಾದಿಸಿದವರು ಹೇಳಿದ್ದೇ ಸರಿ, ಆದರೆ ನೀವು ಓದಿದ್ದೂ ಪೂರ್ತಿ ಸುಳ್ಳಲ್ಲ. ಮೇಲಣ ಅಸ್ಸಾಮಿನ ಕಾಡುಗಳಲ್ಲಿ ಚಹಾ ತಾನಾಗಿಯೇ ಬೆಳೆಯುತ್ತಿತ್ತು. ಅಲ್ಲಿನ ಸಿಂಗ್ಫೋ ಜನ ಅದರ ಎಲೆಯನ್ನು ಬಾಣಲೆಯಲ್ಲಿ ಬಾಡಿಸಿ, ಬಿಸಿಲಿನಲ್ಲಿ ಒಣಗಿಸಿ, ಬಿದಿರಿನ ಕೊಳವೆಗಳಲ್ಲಿ ಒತ್ತಿ ತುಂಬಿ, ಒಲೆಯ ಹೊಗೆಯಲ್ಲಿ ಕಾಪಿಟ್ಟುಕೊಳ್ಳುತ್ತಿದ್ದರು. ಇಂದಿಗೂ ಅವರು ಹಾಗೆ ಮಾಡುವುದುಂಟು. 1823ರಲ್ಲಿ ರಾಬರ್ಟ್ ಬ್ರೂಸ್ ಎಂಬ ಸ್ಕಾಟಿಷ್ ವ್ಯಾಪಾರಿಗೆ ಈ ಗಿಡದ ಸುಳಿವು ಸಿಕ್ಕಿದ್ದು ಸಿಂಗ್ಫೋ ಮುಖಂಡನೊಬ್ಬನಿಂದ; ಆ ದಾರಿ ತೋರಿಸಿದವನು ಮಣಿರಾಮ ಎಂಬ ಅಸ್ಸಾಮಿ ಯುವಕ. ರಾಬರ್ಟ್ ಮರುವರ್ಷವೇ ತೀರಿಕೊಂಡ. ಅವನ ತಮ್ಮ ಚಾರ್ಲ್ಸ್ ಬ್ರೂಸ್ ಸಸಿಗಳನ್ನೂ ಬೀಜಗಳನ್ನೂ ಪಡೆದು ಅಧಿಕಾರಿಗಳಿಗೆ ತಲುಪಿಸಿದನಾದರೂ, ಕಲ್ಕತ್ತೆಯ ಸಸ್ಯೋದ್ಯಾನದ ಮುಖ್ಯಸ್ಥ ನಥಾನಿಯಲ್ ವಾಲಿಚ್ ಅದು ನಿಜವಾದ ಚಹಾವೆಂದು ಒಪ್ಪಿಕೊಳ್ಳಲಿಲ್ಲ.

ಮುಂದೆ ಅದು ಚಹಾವೇ ಎಂದು ಒಪ್ಪಿಕೊಳ್ಳುವಂತೆ ಮಾಡಿದ್ದು ಸಸ್ಯಶಾಸ್ತ್ರಕ್ಕಿಂತ ಹೆಚ್ಚಾಗಿ ವ್ಯಾಪಾರದ ಒತ್ತಡ ಎಂದು ತೋರುತ್ತದೆ. ಚೀನಾದ ಚಹಾ ವ್ಯಾಪಾರದ ಮೇಲೆ ಈಸ್ಟ್ ಇಂಡಿಯಾ ಕಂಪನಿಗಿದ್ದ ಏಕಸ್ವಾಮ್ಯವನ್ನು 1833ರ ಕಾಯ್ದೆ ಕೊನೆಗಾಣಿಸಿತು. 1834ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಚಹಾ ಸಮಿತಿಯೊಂದನ್ನು ನೇಮಿಸಿದನು. ಅದೇ ವರ್ಷದ ಕೊನೆಯಲ್ಲಿ ಆ ಸಮಿತಿ, ಮೇಲಣ ಅಸ್ಸಾಮಿನಲ್ಲಿ ಚಹಾ ಸಹಜವಾಗಿಯೇ ಬೆಳೆಯುತ್ತದೆ ಎಂದು ಘೋಷಿಸಿತು. ಹೀಗಿದ್ದೂ ಕಾಡುಗಿಡಕ್ಕಿಂತ ಚೀನಾದ ಗಿಡವೇ ಮೇಲೆಂಬ ನಂಬಿಕೆಯಿಂದ ಅಲ್ಲಿಂದ ಬೀಜ ತರಿಸಿ ನೆಡಲಾಯಿತು. ಅವು ಅಸ್ಸಾಮಿನ ಸೆಕೆಗೆ ಒಗ್ಗಲಿಲ್ಲ, ಮೇಲಾಗಿ ಸ್ಥಳೀಯ ಗಿಡಗಳೊಂದಿಗೆ ಬೆರೆತು ಮಿಶ್ರತಳಿಯನ್ನು ಹುಟ್ಟಿಸಿದವು. ಹಿಂದಿನ ತಲೆಮಾರಿನ ತೋಟಗಾರರು ಈ ಬೆರಕೆಯನ್ನು ಶಾಪವೆಂದೇ ಬಗೆದಿದ್ದರು. ಸ್ಥಳೀಯ ಎಲೆಯಿಂದ ಚೀನೀ ಕುಶಲಿಗರ ಕೈಯಲ್ಲಿ ತಯಾರಾದ ಎಂಟು ಪೆಟ್ಟಿಗೆ ಚಹಾ 1839ರ ಜನವರಿಯಲ್ಲಿ ಲಂಡನ್ನಿನಲ್ಲಿ ಹರಾಜಾದ ಮೇಲೆ ಅನುಮಾನಕ್ಕೆ ಎಡೆಯುಳಿಯಲಿಲ್ಲ, ಮತ್ತು ಅದೇ ವರ್ಷ ಅಸ್ಸಾಂ ಕಂಪನಿ ಸ್ಥಾಪನೆಯಾಯಿತು.

ಮಣಿರಾಮ ಆ ಕಂಪನಿಯಲ್ಲಿ ದಿವಾನನಾದನು, ಕೆಲವು ವರ್ಷಗಳ ಬಳಿಕ ಹೊರಬಂದು ಜೋರ್ಹಾಟಿನ ಬಳಿಯ ಸಿನ್ನಮಾರಾದಲ್ಲಿ ತನ್ನದೇ ತೋಟ ಮಾಡಿದನು. ಭಾರತೀಯನೊಬ್ಬ ವಾಣಿಜ್ಯಕ್ಕಾಗಿ ಮಾಡಿದ ಮೊದಲ ಚಹಾ ತೋಟಗಳಲ್ಲಿ ಅದು ಸೇರುತ್ತದೆ. 1857ರ ದಂಗೆಯಲ್ಲಿ ಸಂಚು ಹೂಡಿದನೆಂಬ ಆರೋಪದ ಮೇಲೆ 1858ರ ಫೆಬ್ರವರಿ 26ರಂದು ಅವನನ್ನು ಜೋರ್ಹಾಟಿನಲ್ಲಿ ಗಲ್ಲಿಗೇರಿಸಲಾಯಿತು. ಚಹಾದ ಕಥೆ ಹೇಳುವವರು ಬ್ರೂಸ್ ಸಹೋದರರ ಹೆಸರಿಗೇ ನಿಂತುಬಿಡುವುದು ನ್ಯಾಯವಲ್ಲ. ಛೋಟಾ ನಾಗಪುರ ಮೊದಲಾದ ಕಡೆಗಳಿಂದ ಕರಾರಿನ ಮೇಲೆ ಕರೆತಂದು ದುಡಿಸಿದ, ರೋಗರುಜಿನಗಳಿಗೆ ಅಪಾರ ಸಂಖ್ಯೆಯಲ್ಲಿ ಬಲಿಯಾದ ಕಾರ್ಮಿಕರ ಹೆಸರುಗಳಂತೂ ಯಾವ ಪುಸ್ತಕದಲ್ಲಿಯೂ ಸಿಗುವುದು ಅಪರೂಪ.

ಪ್ರಶ್ನೆ: ಅಸ್ಸಾಂ ಚಹಾಕ್ಕೆ ಅಷ್ಟು ಗಾಢ ಬಣ್ಣ ಮತ್ತು ಕಡಕ್ ರುಚಿ ಬರುವುದು ಎಲೆಯನ್ನು ಹುದುಗಿಸುವುದರಿಂದಲೇ? ಗುಂಡುಗುಂಡಾದ ಪುಡಿಯೂ ಉದ್ದ ಎಲೆಯೂ ಒಂದೇ ಗಿಡದವೇ?

ಉತ್ತರ: ಕಾರ್ಖಾನೆಗಳಲ್ಲಿ ಹುದುಗಿಸುವುದು ಎಂದೇ ಹೇಳುತ್ತಾರಾದರೂ ಅಲ್ಲಿ ಯೀಸ್ಟಿನಂಥ ಸೂಕ್ಷ್ಮಜೀವಿಗಳ ಕೆಲಸವಿಲ್ಲ. ಕೊಯ್ದ ಎಲೆಯನ್ನು ಹನ್ನೆರಡರಿಂದ ಹದಿನೆಂಟು ಗಂಟೆ ಬಾಡಿಸಿ ಹೊಸೆದಾಗ ಅದರ ಜೀವಕೋಶಗಳು ಒಡೆದು, ಒಳಗಿದ್ದ ಕ್ಯಾಟೆಚಿನ್‌ಗಳೆಂಬ ಪಾಲಿಫಿನಾಲ್‌ಗಳು ಎಲೆಯದೇ ಕಿಣ್ವದೊಂದಿಗೆ ಬೆರೆತು ಗಾಳಿಯ ಆಮ್ಲಜನಕಕ್ಕೆ ಒಡ್ಡಿಕೊಳ್ಳುತ್ತವೆ. ಈ ಉತ್ಕರ್ಷಣದಿಂದ ಥಿಯಾಫ್ಲೇವಿನ್ ಮತ್ತು ಥಿಯಾರುಬಿಜಿನ್ ಎಂಬ ಎರಡು ಬಗೆಯ ವಸ್ತುಗಳು ಹುಟ್ಟುತ್ತವೆ: ಮೊದಲನೆಯದು ಹೊಳಪನ್ನೂ ನಾಲಿಗೆಯನ್ನು ಚುರುಕುಗೊಳಿಸುವ ಒಗರನ್ನೂ ಕೊಡುತ್ತದೆ, ಎರಡನೆಯದು ಕೆಂಗಂದು ಬಣ್ಣವನ್ನೂ ತುಂಬುರುಚಿಯನ್ನೂ ಕೊಡುತ್ತದೆ. ಹದವಾದಾಗ ಬಿಸಿಗಾಳಿ ಹಾಯಿಸಿ ತೇವವನ್ನು ಶೇ. 3ರ ಆಸುಪಾಸಿಗೆ ಇಳಿಸಿದರೆ ಕ್ರಿಯೆ ಅಲ್ಲಿಗೆ ನಿಲ್ಲುತ್ತದೆ. ಅಸ್ಸಾಮಿಕಾ ಎಂಬ ಅಲ್ಲಿನ ತಳಿಯ ಎಲೆ ಅಗಲವಾದದ್ದು, ಪಾಲಿಫಿನಾಲ್‌ಗಳೂ ಕೆಫೀನೂ ಚೀನಾ ತಳಿಗಿಂತ ಸಾಮಾನ್ಯವಾಗಿ ಹೆಚ್ಚಾಗಿರುವಂಥದ್ದು. ಬ್ರಹ್ಮಪುತ್ರ ಕಣಿವೆಯ ತಗ್ಗು ನೆಲ, ಧಾರಾಳ ಮಳೆ ಮತ್ತು ಸೆಕೆಯಲ್ಲಿ ಅದು ಹುಲುಸಾಗಿ ಚಿಗುರುತ್ತದೆ.

ಪುಡಿ ಮತ್ತು ಎಲೆ ಎರಡೂ ಒಂದೇ ಗಿಡದವು. ಎಲೆಯನ್ನು ಹೊಸೆದು ಮಾಡುವ ಹಳೆಯ ಕ್ರಮಕ್ಕೆ ಆರ್ಥಡಾಕ್ಸ್ ಎಂದು ಹೆಸರು. ಬೇರೆಬೇರೆ ವೇಗದಲ್ಲಿ ತಿರುಗುವ ಹಲ್ಲಿನ ಉರುಳೆಗಳ ನಡುವೆ ಎಲೆಯನ್ನು ಜಜ್ಜಿ, ಹರಿದು, ಸುರುಳಿಗೊಳಿಸುವ ಸಿ.ಟಿ.ಸಿ. ಯಂತ್ರವನ್ನು 1930ರ ಸುಮಾರಿಗೆ ಅಸ್ಸಾಮಿನ ಅಮ್ಗುರಿ ತೋಟದಲ್ಲಿ ವಿಲಿಯಂ ಮೆಕರ್ಚರ್ ರೂಪಿಸಿದನು. ಹಾಲು ಬೆರೆಸುವವರಿಗೆ ಸಿ.ಟಿ.ಸಿ. ಒಪ್ಪುತ್ತದೆ. ಹಾಲಿಲ್ಲದೆ ಕುಡಿಯುವವರು ಮೇ ನಡುವಿನಿಂದ ಜೂನ್ ವರೆಗಿನ ಎರಡನೆಯ ಚಿಗುರಿನ, ಹೊಂಬಣ್ಣದ ಕುಡಿಗಳಿರುವ ಆರ್ಥಡಾಕ್ಸ್ ಎಲೆಯನ್ನು ಒಮ್ಮೆಯಾದರೂ ಕುಡಿದು ನೋಡಬೇಕು. ಅಸ್ಸಾಮಿನ ಹೆಸರಿನೊಂದಿಗೆ ಅಂಟಿಕೊಂಡಿರುವ ಮಾಲ್ಟ್‌ನಂಥ ಸವಿ ಅದರಲ್ಲಿಯೇ ಸ್ಪಷ್ಟವಾಗಿ ತಿಳಿಯುವುದು.

ಪ್ರಶ್ನೆ: ಚಹಾವನ್ನು ಕುದಿಸಬೇಕೋ, ಬಿಸಿನೀರಿನಲ್ಲಿ ನೆನೆಸಿಡಬೇಕೋ? ಹೆಚ್ಚು ಹೊತ್ತು ಕುದಿಸಿದರೆ ಹೆಚ್ಚು ಸ್ಟ್ರಾಂಗ್ ಆಗುತ್ತದೆ ಎಂಬುದು ಸರಿಯೇ?

ಉತ್ತರ: ಚಹಾದ ಬಲವನ್ನು ಪುಡಿಯ ಪ್ರಮಾಣದಿಂದ ಹೆಚ್ಚಿಸಬೇಕೇ ಹೊರತು ಸಮಯದಿಂದಲ್ಲ, ಈ ಒಂದು ಮಾತನ್ನು ಒಪ್ಪಿಕೊಂಡರೆ ಮನೆಯ ಚಹಾ ಅರ್ಧದಷ್ಟು ಸುಧಾರಿಸುತ್ತದೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ಕೆಫೀನು ಮತ್ತು ಪರಿಮಳ ಮೊದಲ ಕೆಲವೇ ನಿಮಿಷಗಳಲ್ಲಿ ನೀರಿಗೆ ಇಳಿಯುತ್ತವೆ. ಅನಂತರವೂ ಇಳಿಯುತ್ತಲೇ ಹೋಗುವುದು ಮುಖ್ಯವಾಗಿ ಒಗರು, ಅಷ್ಟರಲ್ಲಿ ಪರಿಮಳ ಆವಿಯೊಂದಿಗೆ ಹಾರಿಹೋಗಿರುತ್ತದೆ. ಹಾಲಿಲ್ಲದ ಚಹಾಕ್ಕೆ 200 ಮಿ.ಲೀ. ನೀರಿಗೆ 2ರಿಂದ 3 ಗ್ರಾಂ ಎಲೆ ಸಾಕು. ಆಗಷ್ಟೇ ಕುದಿ ಬಂದ ನೀರನ್ನು ಎಲೆಯ ಮೇಲೆ ಸುರಿದು, ಮುಚ್ಚಿಟ್ಟು, ಸಿ.ಟಿ.ಸಿ. ಆದರೆ ಎರಡು-ಮೂರು ನಿಮಿಷಕ್ಕೆ, ಉದ್ದ ಎಲೆಯಾದರೆ ನಾಲ್ಕೈದು ನಿಮಿಷಕ್ಕೆ ಸೋಸಿಬಿಡಬೇಕು. ಹಸಿರು ಚಹಾಕ್ಕೆ ಹೇಳುವ ಹಾಗೆ ನೀರನ್ನು ಆರಿಸಿಕೊಳ್ಳುವ ಅಗತ್ಯ ಇಲ್ಲಿಲ್ಲ, ಏಕೆಂದರೆ ನೀರಿನ ಕಾವು ಕಡಿಮೆಯಾದರೆ ಕಪ್ಪು ಚಹಾ ಸಪ್ಪೆಯಾಗುತ್ತದೆ. ಚಹಾ ರುಚಿ ನೋಡುವ ಪರಿಣತರಿಗಾಗಿ ಇರುವ ಐಎಸ್ಒ 3103 ಎಂಬ ಮಾನದಂಡ 100 ಮಿ.ಲೀ.ಗೆ 2 ಗ್ರಾಂ, ಆರು ನಿಮಿಷ ಎಂದು ಹೇಳುತ್ತದೆ. ಅದು ಎಲೆಯ ಲೋಪಗಳೆಲ್ಲ ಎದ್ದು ಕಾಣಲೆಂದು ಇಟ್ಟುಕೊಂಡ ಅಳತೆಯಾದುದರಿಂದ ಮನೆಯಲ್ಲಿ ಅನುಸರಿಸಬೇಕಾದದ್ದಲ್ಲ. ಹಾಲು ಹಾಕಿ ಕುದಿಸುವುದು ತಪ್ಪೇನಲ್ಲ, ಏಕೆಂದರೆ ಹಾಲಿನ ಪ್ರೋಟೀನು ಒಗರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಿದ್ದರೂ ಪುಡಿ ಹಾಕಿದ ಮೇಲೆ ಒಂದೆರಡು ಕುದಿಗೆ ಇಳಿಸುವುದು ಒಳ್ಳೆಯದು.

ಪ್ರಶ್ನೆ: ಸೋಸಿಟ್ಟ ಡಿಕಾಕ್ಷನ್ ತಣ್ಣಗಾದ ಮೇಲೆ ಮಬ್ಬಾಗಿ ಕೆನೆಗಟ್ಟಿದಂತೆ ಕಾಣುತ್ತದೆ. ಇದು ಕಲಬೆರಕೆಯ ಲಕ್ಷಣವೇ?

ಉತ್ತರ: ಅಲ್ಲ. ಬಿಸಿಯಲ್ಲಿ ಕರಗಿದ್ದ ಥಿಯಾಫ್ಲೇವಿನ್‌ಗಳು ತಣ್ಣಗಾದಾಗ ಕೆಫೀನಿನೊಂದಿಗೆ ಕೂಡಿ ಬೇರ್ಪಡುವುದರಿಂದ ಹಾಗಾಗುತ್ತದೆ. ಪರಿಣತರು ಅದನ್ನು ಒಳ್ಳೆಯ ಅಸ್ಸಾಂ ಚಹಾದ ಗುರುತೆಂದೇ ಎಣಿಸುತ್ತಾರೆ. ಬಿಸಿ ಮಾಡಿದರೆ ಮತ್ತೆ ತಿಳಿಯಾಗುತ್ತದೆ. ಬಿಸಿಯಿರುವಾಗಲೇ ಮೇಲೆ ಎಣ್ಣೆಯಂಥ ತೆಳುಪೊರೆ ಕಟ್ಟಿದರೆ ಅದು ಗಡಸು ನೀರಿನ ಸುಣ್ಣದ ಅಂಶದಿಂದಾದದ್ದು, ನಾಲ್ಕು ಹನಿ ನಿಂಬೆರಸಕ್ಕೆ ಕರಗಿಹೋಗುತ್ತದೆ.

ಪ್ರಶ್ನೆ: ಕಪ್ಪು ಚಹಾದಿಂದ ರಕ್ತದೊತ್ತಡ ಇಳಿಯುತ್ತದೆ, ಆಯುಸ್ಸು ಹೆಚ್ಚುತ್ತದೆ, ತೂಕ ಕರಗುತ್ತದೆ ಎಂದು ಓದುತ್ತಿರುತ್ತೇವೆ. ಇವುಗಳಲ್ಲಿ ಎಷ್ಟನ್ನು ನಂಬಬಹುದು? ಹಾಲು ಬೆರೆಸಿದರೆ ಗುಣವೆಲ್ಲ ಹೋಗುತ್ತದೆಯೇ?

ಉತ್ತರ: ಬ್ರಿಟನ್ನಿನ ಬಯೋಬ್ಯಾಂಕ್ ಯೋಜನೆಯ ಸುಮಾರು ಐದು ಲಕ್ಷ ಮಂದಿಯ ಮಾಹಿತಿಯನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಿನಕ್ಕೆ ಎರಡು ಅಥವಾ ಅದಕ್ಕಿಂತ ಹೆಚ್ಚು ಕಪ್ ಚಹಾ ಕುಡಿಯುವವರ ಮರಣದ ಅಪಾಯ ಕುಡಿಯದವರಿಗಿಂತ ಶೇ. 9ರಿಂದ 13ರಷ್ಟು ಕಡಿಮೆಯಿತ್ತು. ಅವರಲ್ಲಿ ಹೆಚ್ಚಿನವರು ಕುಡಿಯುತ್ತಿದ್ದುದು ಕಪ್ಪು ಚಹಾವನ್ನೇ, ಹಾಲು-ಸಕ್ಕರೆ ಬೆರೆಸಿದ್ದರಿಂದ ಫಲಿತಾಂಶವೇನೂ ಬದಲಾಗಲಿಲ್ಲ. ಆದರೆ ಇದು ಜನರ ಜೀವನವನ್ನು ಗಮನಿಸಿ ಬರೆದುಕೊಂಡ ಲೆಕ್ಕವೇ ಹೊರತು ಪ್ರಯೋಗವಲ್ಲ. ಚಹಾ ಕುಡಿಯುವವರ ಇತರ ಅಭ್ಯಾಸಗಳೂ ಆ ಸಂಖ್ಯೆಯೊಳಗೆ ಸೇರಿಕೊಂಡಿರಬಹುದು. ರಕ್ತದೊತ್ತಡದ ವಿಷಯದಲ್ಲಿ ಪ್ರಯೋಗವೇ ನಡೆದಿದೆ: ಆಸ್ಟ್ರೇಲಿಯಾದಲ್ಲಿ 95 ಜನರ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ತಿಂಗಳ ಕಾಲ ದಿನಕ್ಕೆ ಮೂರು ಕಪ್ಪಿಗೆ ಸಮನಾದ ಕಪ್ಪು ಚಹಾ ಕುಡಿದವರ ರಕ್ತದೊತ್ತಡ 2ರಿಂದ 3 ಮಿ.ಮೀ. ಇಳಿದಿತ್ತು. ಇಡೀ ಸಮುದಾಯಕ್ಕೆ ಅದು ಲಾಭವೇ ಸರಿ, ಆದರೆ ಒಬ್ಬ ರೋಗಿಗೆ ಅದು ಮಾತ್ರೆಗೆ ಬದಲಿಯಾಗುವುದಿಲ್ಲ. ತೂಕ ಕರಗುವ ಮಾತಿಗೆ ಗಟ್ಟಿ ಆಧಾರವಿಲ್ಲ. ಸಕ್ಕರೆ ಹಾಕಿದ ಪಾನೀಯದ ಬದಲು ಸಕ್ಕರೆಯಿಲ್ಲದ ಚಹಾ ಕುಡಿದರೆ ಕಡಿಮೆಯಾಗುವುದು ಸಕ್ಕರೆಯ ಕ್ಯಾಲೊರಿ ಮಾತ್ರ.

ಹಾಲಿನ ವಿಷಯದಲ್ಲಿ ವಿಜ್ಞಾನಿಗಳಲ್ಲಿಯೇ ಒಮ್ಮತವಿಲ್ಲ. 2007ರಲ್ಲಿ ಬರ್ಲಿನ್ನಿನ ಸಂಶೋಧಕರು 16 ಮಹಿಳೆಯರ ಮೇಲೆ ನಡೆಸಿದ ಪ್ರಯೋಗದಲ್ಲಿ, ಚಹಾದಿಂದ ರಕ್ತನಾಳಗಳು ಹಿಗ್ಗುವ ಗುಣವನ್ನು ಹಾಲು ಅಳಿಸಿಹಾಕಿತ್ತು. ಬೇರೆ ಕೆಲವು ಪ್ರಯೋಗಗಳಲ್ಲಿ ಹಾಗೆ ಕಂಡುಬಂದಿಲ್ಲ. ಹಾಲಿಗಿಂತ ಸಕ್ಕರೆಯ ಚಮಚಗಳ ಕಡೆಗೆ ನಿಗಾ ಇಡುವುದು ಹೆಚ್ಚು ಉಪಯುಕ್ತ ಎಂದು ನಮಗೆ ತೋರುತ್ತದೆ. ಸುಡುಸುಡು ಕುಡಿಯುವ ಹಟವನ್ನಂತೂ ಬಿಡಬೇಕು: 65 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾದ ಯಾವುದೇ ಪಾನೀಯ ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2016ರಲ್ಲಿ ಹೇಳಿದೆ. ಇಲ್ಲಿ ದೋಷ ಬಿಸಿಯದು, ಚಹಾದ್ದಲ್ಲ.

ಪ್ರಶ್ನೆ: ನನಗೆ ರಕ್ತಹೀನತೆ ಇದೆ. ಊಟದ ಜೊತೆ ಚಹಾ ಬೇಡವೆಂದು ವೈದ್ಯರು ಹೇಳಿದ್ದಾರೆ. ಪೂರ್ತಿ ಬಿಡಬೇಕೇ?

ಉತ್ತರ: ಬಿಡಬೇಕಿಲ್ಲ, ವೇಳೆಯನ್ನು ಬದಲಿಸಿಕೊಂಡರೆ ಸಾಕು. ಸೊಪ್ಪು, ಕಾಳು, ಧಾನ್ಯಗಳಲ್ಲಿರುವ ಕಬ್ಬಿಣವನ್ನು ಚಹಾದ ಪಾಲಿಫಿನಾಲ್‌ಗಳು ಕರುಳಿನಲ್ಲಿಯೇ ಕಟ್ಟಿಹಾಕುವುದರಿಂದ, ಊಟದೊಂದಿಗೇ ಕುಡಿದಾಗ ಅದರ ಹೀರುವಿಕೆ ಅರ್ಧಕ್ಕಿಂತ ಹೆಚ್ಚು ಕುಗ್ಗಬಲ್ಲದೆಂದು ಪ್ರಯೋಗಗಳು ತೋರಿಸಿವೆ. ಊಟವಾಗಿ ಕನಿಷ್ಠ ಒಂದು ಗಂಟೆ ಕಳೆದ ಮೇಲೆ ಕುಡಿದರೆ ಈ ತೊಂದರೆ ಬಹಳ ಮಟ್ಟಿಗೆ ತಗ್ಗುತ್ತದೆ. ಕಬ್ಬಿಣದ ಮಾತ್ರೆಯನ್ನೂ ಥೈರಾಯ್ಡ್ ಮಾತ್ರೆಯನ್ನೂ ಚಹಾದೊಂದಿಗೆ ನುಂಗಬಾರದು. ಎಷ್ಟು ಹೊತ್ತಿನ ಅಂತರವಿರಬೇಕೆಂಬುದನ್ನು ನಿಮ್ಮ ವೈದ್ಯರನ್ನೇ ಕೇಳಿ.

ಪ್ರಶ್ನೆ: ಗರ್ಭಿಣಿಯರು ದಿನಕ್ಕೆ ಎಷ್ಟು ಕಪ್ ಕುಡಿಯಬಹುದು?

ಉತ್ತರ: ಗರ್ಭಿಣಿಯರು ಎಲ್ಲ ಮೂಲಗಳಿಂದ ಸೇರಿ ದಿನಕ್ಕೆ 200 ಮಿ.ಗ್ರಾಂ ಕೆಫೀನನ್ನು ಮೀರಬಾರದೆಂಬುದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರದ ಸಲಹೆ. ಇತರ ಆರೋಗ್ಯವಂತ ವಯಸ್ಕರಿಗೆ ಈ ಮಿತಿ 400 ಮಿ.ಗ್ರಾಂ. ಒಂದು ಕಪ್ ಕಪ್ಪು ಚಹಾದಲ್ಲಿ ಸುಮಾರು 40ರಿಂದ 60 ಮಿ.ಗ್ರಾಂ ಇರುತ್ತದೆ, ಅಸ್ಸಾಂ ಚಹಾ ಸಾಮಾನ್ಯವಾಗಿ ಇದರ ಮೇಲಂಚಿನಲ್ಲಿ ನಿಲ್ಲುತ್ತದೆ. ಆದುದರಿಂದ ಕಾಫಿ ಇಲ್ಲದಿದ್ದರೆ ಎರಡು ಕಪ್ ಚಹಾಕ್ಕೆ ಅಡ್ಡಿಯಿಲ್ಲ. ಕೆಫೀನಿನ ಅರ್ಧಭಾಗ ದೇಹದಿಂದ ಹೊರಹೋಗಲು ಸಾಮಾನ್ಯರಿಗೇ ಐದಾರು ಗಂಟೆ ಬೇಕು, ಗರ್ಭಿಣಿಯರಿಗೆ ಇನ್ನೂ ಹೆಚ್ಚು. ನಿದ್ದೆ ಬಾರದವರು ಸಂಜೆಯ ಕಪ್ಪನ್ನು ಮಧ್ಯಾಹ್ನಕ್ಕೆ ತಂದುಕೊಳ್ಳಲಿ.

ಪ್ರಶ್ನೆ: ಚಹಾಪುಡಿಯನ್ನು ಫ್ರಿಜ್ಜಿನಲ್ಲಿ ಇಡಬಹುದೇ?

ಉತ್ತರ: ಬೇಡ. ಹೊರತೆಗೆದಾಗಲೆಲ್ಲ ತೇವ ಕಟ್ಟುತ್ತದೆ, ಸುತ್ತಲಿನ ವಾಸನೆಯನ್ನೂ ಪುಡಿ ಹೀರಿಕೊಳ್ಳುತ್ತದೆ. ಬೆಳಕು ತಾಗದ, ಗಾಳಿಯಾಡದ ಡಬ್ಬಿಯಲ್ಲಿ, ಮಸಾಲೆ ಪದಾರ್ಥಗಳಿಂದ ದೂರವಿಟ್ಟು, ಒಂದೆರಡು ತಿಂಗಳಿಗೆ ಆಗುವಷ್ಟನ್ನೇ ಕೊಳ್ಳುವುದು ಮೇಲು.