ಎರವಲು ಕೃತಿಗಳ ಟ್ರಂಪೆಟ್ ವಾದಕ: ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಫ್ರಾನ್ಸಿನ ಟ್ರಂಪೆಟ್ ವಾದಕ ಮೋರಿಸ್ ಆಂದ್ರೆ ಅವರನ್ನು ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನಕ್ಕೆ ನೀವು ಎತ್ತಿರುವ ಆಕ್ಷೇಪಗಳು ಎರಡು. ಆಸ್ಟ್ರಿಯಾದ ಸಂಯೋಜಕ ಹೈಡನ್ 18ನೆಯ ಶತಮಾನದಲ್ಲಿಯೇ ಟ್ರಂಪೆಟ್‌ಗೆ ಕಾನ್ಚೆರ್ಟೊ (ಒಂದು ವಾದ್ಯವನ್ನು ಮುಂದಿಟ್ಟು ವಾದ್ಯವೃಂದದೊಡನೆ ನುಡಿಸುವ ಕೃತಿ) ಬರೆದಿರುವಾಗ ಆಂದ್ರೆ ಅವರನ್ನು 'ಟ್ರಂಪೆಟ್ ಏಕವಾದನದ ಮೊದಲಿಗ' ಎನ್ನುವುದು ಹೇಗೆ ಸರಿ ಎಂಬುದು ಒಂದು. ಮರದ ಊದುವಾದ್ಯವಾದ ಓಬೊಗೆ ಬರೆದ ಕೃತಿಗಳನ್ನು ಎರವಲು ತಂದು ಗಳಿಸಿದ ಕೀರ್ತಿಗೆ ಅಷ್ಟು ಬೆಲೆ ಏಕೆ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ತಪ್ಪು ನಮ್ಮದೇ. 'ಮೊದಲಿಗ' ಎಂಬ ಪದ ಅಲ್ಲಿ ಬರಬಾರದಿತ್ತು. ಎರಡನೆಯದನ್ನು ಮಾತ್ರ ನಾನು ಒಪ್ಪಲಾರೆ.

ಹೈಡನ್ ಆ ಕಾನ್ಚೆರ್ಟೊ ಬರೆದದ್ದು 1796ರಲ್ಲಿ, ವಿಯೆನ್ನಾದ ಆಸ್ಥಾನ ವಾದಕ ಆಂಟನ್ ವೈಡಿಂಗರ್‌ಗಾಗಿ. ಅಲ್ಲಿಯವರೆಗಿನ ಟ್ರಂಪೆಟ್ ರಂಧ್ರವಾಗಲಿ, ಬೆರಳಿನಿಂದ ಒತ್ತಿ ಕೊಳವೆಯ ಉದ್ದ ಬದಲಿಸುವ ವಾಲ್ವ್ ಆಗಲಿ ಇಲ್ಲದ ಬರಿಯ ಕೊಳವೆ. ತುಟಿಯ ಬಿಗಿತವೊಂದರಿಂದಲೇ ಸ್ವರ ಹೊರಡಬೇಕಾಗಿದ್ದ ಕಾರಣ ಕೆಳಗಿನ ಸ್ಥಾಯಿಯಲ್ಲಿ ಸ್ವರಗಳ ನಡುವೆ ದೊಡ್ಡ ಅಂತರಗಳಿದ್ದು, ತಾರಸ್ಥಾಯಿಯಲ್ಲಿ ಮಾತ್ರ ಅವು ಒತ್ತೊತ್ತಾಗಿ ಬಂದು ರಾಗಕ್ಕೆ ಒದಗುತ್ತಿದ್ದವು. ಹೈಡನ್‌ಗಿಂತ ಹಿಂದಿನ ಜರ್ಮನ್ ಸಂಯೋಜಕ ಬಾಖ್‌ನ ಕೃತಿಗಳಲ್ಲಿ ಟ್ರಂಪೆಟ್ ಅಷ್ಟು ಎತ್ತರದಲ್ಲಿ ಹಾಡುವುದಕ್ಕೆ ಕಾರಣ ಇದೇ. ವೈಡಿಂಗರ್ ಬಳಸಿದ ವಾದ್ಯದ ಕೊಳವೆಯಲ್ಲಿ ರಂಧ್ರಗಳಿದ್ದು, ಅವುಗಳನ್ನು ಕೀಲಿಗಳು ಮುಚ್ಚುತ್ತಿದ್ದುದರಿಂದ ಕೆಳಗಿನ ಸ್ಥಾಯಿಯಲ್ಲಿಯೂ ಎಲ್ಲ ಸ್ವರಗಳು ದೊರೆತವು. 1803ರಲ್ಲಿ ಸಂಯೋಜಕ ಹುಮ್ಮೆಲ್ ಕೂಡ ಅವನಿಗಾಗಿಯೇ ಇನ್ನೊಂದು ಕಾನ್ಚೆರ್ಟೊ ಬರೆದ. ಕೆಲವು ದಶಕಗಳಲ್ಲಿ ವಾಲ್ವ್ ಬಂದು ಕೀಲಿಯ ಟ್ರಂಪೆಟ್ ಮೂಲೆ ಸೇರಿತು. ಆದರೆ ವಾದ್ಯ ಪೂರ್ಣವಾದ 19ನೆಯ ಶತಮಾನದಲ್ಲಿಯೇ ಅದಕ್ಕಾಗಿ ಬರೆಯುವವರು ಇಲ್ಲವಾದರು. ಬೀಥೋವನ್, ಬ್ರಾಮ್ಸ್, ಚೈಕೋವ್‌ಸ್ಕಿ ಮೂವರೂ ಪಿಟೀಲಿಗೆ ಕಾನ್ಚೆರ್ಟೊ ಬರೆದರು. ಟ್ರಂಪೆಟ್‌ಗೆ ಮೂವರಲ್ಲಿ ಒಬ್ಬರೂ ಬರೆಯಲಿಲ್ಲ. ಹೈಡನ್ ಮತ್ತು ಹುಮ್ಮೆಲ್ ಕೃತಿಗಳೆರಡನ್ನೂ ಒಟ್ಟಿಗೆ ನುಡಿಸಿದರೆ ಸುಮಾರು ಅರ್ಧ ಗಂಟೆಯಾಗುತ್ತದೆ. ಅರ್ಧ ಗಂಟೆಯ ಸಂಗೀತವನ್ನು ಕೈಯಲ್ಲಿ ಹಿಡಿದು ಜೀವನವಿಡೀ ಊರೂರು ಸುತ್ತಿ ಏಕವಾದನ ಮಾಡುವುದು ಯಾರಿಂದಾದೀತು?

ಆಂದ್ರೆ ಎದುರಿಸಿದ್ದು ಈ ಬರವನ್ನು. 1933ರಲ್ಲಿ ಆಲೆಸ್ ಎಂಬ ಗಣಿಯೂರಿನಲ್ಲಿ ಗಣಿ ಕಾರ್ಮಿಕರ ಮನೆಯಲ್ಲಿ ಹುಟ್ಟಿ, ಹದಿಹರೆಯದಲ್ಲಿ ತಾವೂ ಕಲ್ಲಿದ್ದಲು ಗಣಿಗೆ ಇಳಿದು ದುಡಿದವರು ಅವರು. ಪ್ಯಾರಿಸ್ಸಿನ ಸಂಗೀತ ಶಾಲೆಯಾದ ಕನ್ಸರ್ವೇಟರಿಯಲ್ಲಿ ಶುಲ್ಕವಿಲ್ಲದೆ ಕಲಿಯಲು ಸೇನೆಯ ವಾದ್ಯವೃಂದವನ್ನು ಸೇರಿದರು. 1955ರಲ್ಲಿ ಜಿನೀವಾ ಸ್ಪರ್ಧೆಯನ್ನೂ 1963ರಲ್ಲಿ ಮ್ಯೂನಿಕ್ ಸ್ಪರ್ಧೆಯನ್ನೂ ಗೆದ್ದರು. ವಾದ್ಯವೃಂದದ ಭದ್ರವಾದ ಕುರ್ಚಿಯನ್ನು ಬಿಟ್ಟು ಒಬ್ಬರೇ ಮುಂದೆ ಬಂದು ನಿಂತಾಗ ಅವರ ಕೈಯಲ್ಲಿದ್ದದ್ದು ಸಾಮಾನ್ಯ ಟ್ರಂಪೆಟ್‌ನ ಅರ್ಧದಷ್ಟೇ ಉದ್ದದ ಕೊಳವೆಯ, ನಾಲ್ಕು ವಾಲ್ವ್‌ಗಳ ಪಿಕೊಲೊ ಟ್ರಂಪೆಟ್.

ಚಿಕ್ಕ ವಾದ್ಯ ಹಿಡಿದರೆ ತಾರಸ್ವರ ಸುಲಭವಾಗಿ ಬರುತ್ತದೆಂದು ನೀವೂ ಬರೆದಿದ್ದೀರಿ. ಹಾಗಲ್ಲ. ಸ್ವರ ಅದೇ ಆದಾಗ ತುಟಿಯ ಕಂಪನವೂ ಅಷ್ಟೇ ಇರಬೇಕು. ಕೊಳವೆ ಗಿಡ್ಡವಾದಾಗ, ತುಟಿಯ ಬಿಗಿತದಿಂದಲೇ ಹೊರಡುವ ಸಹಜ ಸ್ವರಗಳು ಆ ಎತ್ತರದಲ್ಲಿ ದೂರ ದೂರವಾಗುವುದರಿಂದ ತುಟಿ ಜಾರಿ ಪಕ್ಕದ ಸ್ವರಕ್ಕೆ ಬೀಳುವ ಅಪಾಯ ತಗ್ಗುತ್ತದೆ, ಅಷ್ಟೇ. ನಾದದ ದುಂಡುತನವನ್ನು ವಾದ್ಯ ಕೊಡುವುದಿಲ್ಲ. ಆ ಎತ್ತರದಲ್ಲಿ ಕಿರಿಚದೆ, ಹಾಡುವವರ ಕೊರಳಿನಂತೆ ಮೆತ್ತಗೆ ನುಡಿಯುವುದು ಆಂದ್ರೆ ಅವರ ಸಾಧನೆ, ಮತ್ತು ಬಾಖ್‌ನ ಕಾಲದ ಸಂಯೋಜಕರಾದ ಅಲ್ಬಿನೋನಿ, ಟೆಲೆಮಾನ್, ಮಾರ್ಚೆಲ್ಲೊ ಅವರ ಓಬೊ ಕೃತಿಗಳನ್ನು ಟ್ರಂಪೆಟ್‌ನಲ್ಲಿ ಕೇಳುವಂತೆ ಮಾಡಿದ್ದು ಆ ನಾದವೇ.

ಎರವಲು ಕೀಳೆನ್ನುವ ಮುನ್ನ ಒಂದನ್ನು ಗಮನಿಸಬೇಕೆಂದು ಕೋರುತ್ತೇನೆ. ಮಾರ್ಚೆಲ್ಲೊನ ಓಬೊ ಕಾನ್ಚೆರ್ಟೊವನ್ನು ಸ್ವತಃ ಬಾಖ್ ಕೀಲಿಮಣೆ ವಾದ್ಯಕ್ಕೆ ಅಳವಡಿಸಿಕೊಂಡಿದ್ದಾನೆ. ಒಂದು ವಾದ್ಯದ ಕೃತಿಯನ್ನು ಇನ್ನೊಂದಕ್ಕೆ ಒಯ್ಯುವುದು ಆ ಕಾಲದವರಿಗೆ ನಿತ್ಯದ ರೂಢಿಯಾಗಿತ್ತು. ಹಾಗೆಂದು ಎಲ್ಲ ಎರವಲೂ ಒಪ್ಪುತ್ತದೆ ಎನ್ನಲಾರೆ. ಕೃತಿಗಳ ನಿಧಾನಗತಿಯ ಭಾಗಗಳಲ್ಲಿ ಓಬೊದ ಅಳುಕಿನ, ತುಸು ಮೂಗಿನ ದನಿ ಮರೆಯಾಗಿ ಅಲ್ಲಿ ಬರಿಯ ಹೊಳಪು ಉಳಿಯುವುದುಂಟು. ಆಂದ್ರೆ ಅವರ 300ಕ್ಕೂ ಮಿಕ್ಕ ಧ್ವನಿಮುದ್ರಣಗಳಲ್ಲಿ ಅಂಥವೂ ಇವೆ, ಅವುಗಳ ಮಟ್ಟಿಗೆ ನಿಮ್ಮ ಮಾತು ನಿಲ್ಲುತ್ತದೆ.

ಬರವನ್ನು ನೀಗಲು ಇನ್ನೊಂದು ದಾರಿಯೂ ಇತ್ತು. 1961ರಲ್ಲಿ ಸ್ವೀಡನ್ನಿನ ಮಾಲ್ಮೊದಲ್ಲಿ ಹುಟ್ಟಿದ ಟ್ರಂಪೆಟ್ ವಾದಕ ಹೋಕನ್ ಹಾರ್ಡೆನ್‌ಬರ್ಗರ್ ತಮ್ಮ ಕಾಲದ ಸಂಯೋಜಕರಿಂದ ಹೊಸ ಕೃತಿಗಳನ್ನು ಬರೆಯಿಸಿದರು; ಬರ್ಟ್‌ವಿಸ್ಲ್, ಗ್ರೂಬರ್ ಅವರಂಥವರ ಕೃತಿಗಳು ಮೊದಲು ಕೇಳಿಬಂದದ್ದು ಅವರ ಟ್ರಂಪೆಟ್‌ನಲ್ಲಿ. ನೀವು ಈ ದಾರಿಯನ್ನೇ ಮೆಚ್ಚುತ್ತೀರಿ ಎಂದು ನಿಮ್ಮ ಪತ್ರದಿಂದ ಊಹಿಸುತ್ತೇನೆ. ನನ್ನ ಒಲವೂ ಇತ್ತೀಚೆಗೆ ಅತ್ತಲೇ. ಆದರೆ ಟ್ರಂಪೆಟ್ ವಾದಕನೊಬ್ಬನನ್ನು ಕೇಳಲೆಂದೇ ಚೀಟಿ ಕೊಂಡು ಬರುವ ಶ್ರೋತೃಗಳು ಇಲ್ಲದಿದ್ದರೆ ಅಷ್ಟು ಕಠಿಣವಾದ ಹೊಸ ಕೃತಿಗಳಿಗೆ ವೇದಿಕೆ ಸಿಗುವುದು ಕಷ್ಟವಿತ್ತು, ಮತ್ತು ಆ ಶ್ರೋತೃಗಳಲ್ಲಿ ಬಹಳ ಮಂದಿಯನ್ನು ಕರೆತಂದದ್ದು ಆಂದ್ರೆ ನುಡಿಸಿದ ಅಲ್ಬಿನೋನಿ ಕೃತಿಗಳು.

ಇಂತು,
ಸಂಪಾದಕ